ಕಣಿವೆಯಿಂದ ತಂದ ಆಲ್ಟರ್ನೇಟರ್

ಸುದ್ದಿ ಹೊತ್ತು ಬಂದ ಕಾಂಪೌಂಡರ್ ಗ್ಯಾರೇಜಿನ ಬಾಗಿಲಲ್ಲಿ ನಿಂತು, ಯಾರಿಗೆ ಮೊದಲು ಹೇಳಬೇಕೆಂದು ತಿಳಿಯದೆ ಇಬ್ಬರ ಮುಖವನ್ನೂ ನೋಡಿದರು. ಎಡಗಡೆ ಅತ್ತಿಗೆ ಕೂತು ಸ್ಟಾರ್ಟರ್ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಬಲಗಡೆ ಮೈದುನ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದ. ಇಬ್ಬರ ನಡುವೆ ಮಾತು ನಿಂತು ಒಂದು ಮಳೆಗಾಲ ಕಳೆದಿತ್ತು.

"ಮೇಲಿನ ಕಲ್ಲುಕ್ಯಾಂಪಿನಿಂದ ಫೋನ್ ಬಂತು," ಎಂದರು ಕಾಂಪೌಂಡರ್, ಕೊನೆಗೆ ಗೋಡೆಯನ್ನು ನೋಡಿಕೊಂಡು. "ಬಂಡೆ ಉರುಳಿದೆ. ನಿಮ್ಮೋರು ಅಡಿಗೆ ಸಿಕ್ಕಿದಾರೆ."

ನಿಮ್ಮೋರು ಎಂದರೆ ಅತ್ತಿಗೆಯ ಗಂಡ, ಮೈದುನನ ಅಣ್ಣ. ಬಂಡೆಗೆ ಮದ್ದು ತುಂಬಿ ಸಿಡಿಸುವ ಕೆಲಸ ಅವನದು. ಅತ್ತಿಗೆಯ ಕೈಯಲ್ಲಿದ್ದ ತಂತಿ ಹಾಗೇ ನಿಂತಿತು. ಮೈದುನ ಎದ್ದು ನಿಂತ.

"ಜೀವ?" ಎಂದಳು ಅವಳು.

"ಇದೆ. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿದೆಯಂತೆ. ದೊಡ್ಡ ರಸ್ತೆ ಗುಡ್ಡ ಕುಸಿದು ಮುಚ್ಚಿದೆ. ಮೋಡ ನೆಲಕ್ಕಿಳಿದಿದೆ, ಹೆಲಿಕಾಪ್ಟರೂ ಬರೋ ಹಾಗಿಲ್ಲ. ಮರ ಸಾಗಿಸೋ ಲಾರಿಗಳ ಹಳೇ ದಾರಿ ಒಂದೇ ಉಳಿದಿರೋದು. ಡಾಕ್ಟರು ನನ್ನನ್ನ ಕಳಿಸಿದಾರೆ, ಇದನ್ನ ಕೊಟ್ಟು."

ಅವರ ಕೈಯಲ್ಲಿ ಸಣ್ಣ ಪೆಟ್ಟಿಗೆಯಷ್ಟಿದ್ದ ಯಂತ್ರವಿತ್ತು. ಗಾಳಿಯನ್ನು ಸೋಸಿ ಆಮ್ಲಜನಕ ಕೊಡುವಂಥದು.

"ಕಾರಿನ ಕರೆಂಟಲ್ಲಿ ಓಡುತ್ತೆ. ಹನ್ನೆರಡು ವೋಲ್ಟಿಗಿಂತ ಕೆಳಗಿಳಿದ್ರೆ ಮಲಗಿಬಿಡುತ್ತೆ. ಹದಿನೈದು ದಾಟಿದ್ರೆ ಸುಟ್ಟುಹೋಗುತ್ತೆ. ಆಸ್ಪತ್ರೆಯಲ್ಲಿ ಇರೋದು ಇದೊಂದೇ. ಅವರು ಕೆಳಗೆ ಬಂದು ತಲುಪೋ ತನಕ ಇದು ನಿಲ್ಲಬಾರದು, ಅಷ್ಟೇ ಲೆಕ್ಕ."

ಆ ದಾರಿ ಹತ್ತಬಲ್ಲ ಗಾಡಿ ಊರಿನಲ್ಲಿ ಒಂದೇ ಇತ್ತು. ಗ್ಯಾರೇಜಿನ ಹಿಂದೆ ನಿಂತಿದ್ದ ಮಾವನ ಕಾಲದ ಪೆಟ್ರೋಲ್ ಜೀಪು. ಅದನ್ನು ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದರು. ಗೊಣಗದೆ ಏಳುತ್ತಿರಲಿಲ್ಲ, ಎದ್ದ ಮೇಲೆ ಯಾರ ಮಾತಿಗೂ ನಿಲ್ಲುತ್ತಿರಲಿಲ್ಲ.

ಮಾವ ತೀರಿಕೊಂಡ ಮೇಲೆ ಗ್ಯಾರೇಜಿನಲ್ಲಿ ಯಾರ ಮಾತು ನಡೆಯಬೇಕೆಂದು ಅತ್ತಿಗೆಗೂ ಮೈದುನನಿಗೂ ದಿನಬೆಳಗಾದರೆ ಜಗಳ. ಸ್ಪ್ಯಾನರ್ ಹಾರಿದ್ದೂ ಉಂಟು, ತಲೆ ಒಡೆದದ್ದೂ ಉಂಟು. ನಡುವೆ ನಿಂತು ಬೇಸತ್ತ ಅವಳ ಗಂಡ, "ನಿಮ್ಮಿಬ್ಬರಿಗಿಂತ ಮದ್ದುಗುಂಡೇ ವಾಸಿ," ಎಂದು ಹೇಳಿ ಬೆಟ್ಟ ಹತ್ತಿದ್ದ. ಅಂದಿನಿಂದ ಇಬ್ಬರೂ ಮಾತು ಬಿಟ್ಟಿದ್ದರು. ಅಗತ್ಯ ಬಿದ್ದರೆ ಬೆಕ್ಕಿಗೋ ಗಿರಾಕಿಗೋ ಹೇಳುವವರಂತೆ ಹೇಳುತ್ತಿದ್ದರು. ಅವನನ್ನು ಬೆಟ್ಟಕ್ಕೆ ಓಡಿಸಿದ್ದು ನೀನು ಎಂದು ಒಬ್ಬರ ಬೆನ್ನು ಇನ್ನೊಬ್ಬರ ಬೆನ್ನಿಗೆ ಹೇಳುತ್ತಲೇ ಇತ್ತು.

"ಕಾಂಪೌಂಡರ್ರೇ, ಅಜ್ಜಿಗೆ ಪೆಟ್ರೋಲ್ ಇದೆಯಾ ಕೇಳಿ," ಎಂದಳು ಅತ್ತಿಗೆ, ಮೀಟರು, ತಂತಿ, ಇಕ್ಕಳ ಚೀಲಕ್ಕೆ ತುಂಬುತ್ತ.

"ಕಾಂಪೌಂಡರ್ರೇ, ಟ್ಯಾಂಕ್ ತುಂಬಿದೆ ಅನ್ನಿ. ಹಗ್ಗಾನೂ ಹಾಕ್ಕೊಂಡಿದೀನಿ ಅನ್ನಿ," ಎಂದ ಮೈದುನ.

"ನಾನು ಕಾಂಪೌಂಡರಪ್ಪ, ಅಂಚೆಯವನಲ್ಲ," ಎಂದು ಅವರು ಹಿಂದಿನ ಸೀಟು ಹತ್ತಿದರು.

ಹೊರಡುವ ಮುನ್ನ ಅತ್ತಿಗೆ ಜೀಪಿನ ಮೂತಿಯ ಮೇಲೆ ಅಂಗೈ ಇಟ್ಟಳು. ಹೋಗುವುದು ನನ್ನ ಪಾಲು, ತರುವುದು ನಿನ್ನ ಪಾಲು, ಭಗವಂತ. ಅಷ್ಟೇ ಅವಳ ಪ್ರಾರ್ಥನೆ.

ಊರು ಮುಗಿದಲ್ಲಿ ಕಾಡು ಶುರುವಾಯಿತು. ಹೆಬ್ಬಾವಿನಂಥ ಬೇರುಗಳು ದಾರಿಗೆ ಅಡ್ಡ ಬಿದ್ದಿದ್ದವು. ಮರಗಳು ಎಷ್ಟು ಎತ್ತರವಿದ್ದವೆಂದರೆ ಅವುಗಳ ತುದಿ ಮೋಡದೊಳಗೆ ಹೋಗಿ ಏನು ಮಾಡುತ್ತಿವೆಯೆಂದು ಕೆಳಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಎಡಕ್ಕೆ ಬೆಟ್ಟ, ನೀರು ಕುಡಿದು ಕುಡಿದು ಸಡಿಲವಾದ ಕೆಂಪು ಮಣ್ಣಿನ ಗೋಡೆ. ಬಲಕ್ಕೆ ಕಣಿವೆ, ಅದರ ತಳದಲ್ಲಿ ಹೊಳೆ, ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಮನುಷ್ಯನ ಕೈಯಿಂದಾದದ್ದು ಆ ದಾರಿಯಲ್ಲಿ ಒಂದೇ ಕಂಡಿತು. ಕಣಿವೆಯ ಅಡಿಯಲ್ಲಿ, ಹೊಳೆಯ ಅಂಚಿನ ಬಂಡೆಗಳ ನಡುವೆ, ಹೊಟ್ಟೆ ಮೇಲಾಗಿ ಬಿದ್ದಿದ್ದ ಬಿಳಿಯ ವ್ಯಾನು. ಹೋದ ತಿಂಗಳ ಮಳೆಯಲ್ಲಿ ಜಾರಿದ್ದು. ಓಡಿಸುತ್ತಿದ್ದವನು ಹಾರಿ ಬದುಕಿದ್ದ.

"ಹೊಸ ಗಾಡಿ ಪಾಪ," ಎಂದರು ಕಾಂಪೌಂಡರ್.

ಅಜ್ಜಿ ಹತ್ತಿದಳು. ಮೈದುನ ಸ್ಟಿಯರಿಂಗನ್ನು ಗೂಳಿಯ ಕೊಂಬಿನಂತೆ ಹಿಡಿದು, ಬೈದು, ಪುಸಲಾಯಿಸಿ, ಮಧ್ಯಾಹ್ನಕ್ಕೆ ಮುಂಚೆ ಕ್ಯಾಂಪು ಮುಟ್ಟಿಸಿದ.

ಕ್ಯಾಂಪೆಂದರೆ ತಗಡಿನ ಮೂರು ಕೋಣೆ. ಒಂದರಲ್ಲಿ, ಮದ್ದಿನ ಖಾಲಿ ಪೆಟ್ಟಿಗೆಗಳನ್ನು ಜೋಡಿಸಿದ ಮಂಚದ ಮೇಲೆ ಅವನು ಮಲಗಿದ್ದ. ತುಟಿ ನೀಲಿಯಾಗಿತ್ತು. ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿ ತರುವವನಂತೆ ತರುತ್ತಿದ್ದ. ಕಾಂಪೌಂಡರ್ ಪಕ್ಕೆಯಲ್ಲಿ ತೂತು ಮಾಡಿ ನಳಿಕೆ ಇಳಿಸಿದಾಗ ಅವನು ಕೂಗಿದ ಕೂಗಿಗೆ ಹೊರಗಿನ ಕೆಲಸಗಾರರು ತಲೆ ತಗ್ಗಿಸಿದರು. ನಳಿಕೆಯಿಂದ ಕಪ್ಪು ರಕ್ತ ಸೀಸೆಗೆ ಇಳಿಯಿತು. ಅವನನ್ನು ಹೊತ್ತು ತಂದು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಯಂತ್ರದ ಪ್ಲಗ್ ಜೀಪಿಗೆ ಚುಚ್ಚಿ ಮುಖಕ್ಕೆ ಮುಸುಕು ಕಟ್ಟಿದ ಮೇಲೆ ತುಟಿಗೆ ತುಸು ಬಣ್ಣ ಬಂತು. ಅತ್ತಿಗೆ ಅವನ ಕಾಲು ಮುಟ್ಟಿದಳು, ತಣ್ಣಗಿತ್ತು.

ಕಣ್ಣು ಬಿಟ್ಟ. ಹೆಂಡತಿಯನ್ನೂ ತಮ್ಮನನ್ನೂ ಒಟ್ಟಿಗೆ ಕಂಡು ಮುಸುಕಿನೊಳಗೆ ಏನೋ ಅಂದ.

"ಏನಂತೆ?" ಎಂದ ಮೈದುನ.

"ಒಂದೇ ಗಾಡೀಲಿ ಬಂದ್ರಾ, ಅಂತ ಕೇಳ್ತಿದಾರೆ," ಎಂದರು ಕಾಂಪೌಂಡರ್.

ಇಳಿಯುವಾಗ ಬೆಟ್ಟ ಎದ್ದಿತು.

ಮೊದಲು ಬಂದದ್ದು ಬೆಲ್ಲದ ಉಂಡೆಯಷ್ಟು ಕಲ್ಲು. ಟಪ್ ಎಂದು ಬಾನೆಟ್ಟಿಗೆ ಬಡಿದು ಹಾರಿಹೋಯಿತು. ಆಮೇಲೆ ಹತ್ತು. ಆಮೇಲೆ ಲೆಕ್ಕ ಉಳಿಯಲಿಲ್ಲ.

"ಹಿಡ್ಕೊಳ್ಳಿ," ಎಂದು ಕೂಗಿ ಮೈದುನ ಆಕ್ಸಿಲರೇಟರ್ ತುಳಿದ.

ಮಣ್ಣಿನ ಗೋಡೆ ಹೊಟ್ಟೆ ಬಿರಿದು ಸುರಿಯಿತು. ಒಂದು ಮರ ಬೇರುಸಮೇತ ಜೀಪಿನ ಹಿಂದೆ ಬಿತ್ತು. ಕತ್ತಿಯ ಅಲಗಿನಂಥ ಕಲ್ಲೊಂದು ಕಿಟಕಿಯ ಚೌಕಟ್ಟನ್ನು ಕಿತ್ತು ಕಾಂಪೌಂಡರ್ ಹಣೆಯನ್ನು ಸೀಳಿತು. ಅತ್ತಿಗೆ ಗಂಡನ ಮೇಲೆ ಬೋರಲು ಬಿದ್ದಳು. ಅವಳ ಬೆನ್ನಿಗೆ ಕಲ್ಲು ಬಡಿಯುತ್ತಲೇ ಇತ್ತು, ಅಗಸ ಬಟ್ಟೆ ಬಡಿದ ಹಾಗೆ. ಕೊನೆಯದಾಗಿ ಹಂಡೆಯಷ್ಟು ದೊಡ್ಡ ಬಂಡೆಯೊಂದು ಬಲ ಮಡ್ಗಾರ್ಡನ್ನು ಕಾಗದದಂತೆ ಹರಿದು, ಇಂಜಿನ್ನಿನ ಪಕ್ಕೆಗೆ ಗುದ್ದಿ, ಉರುಳಿ ಕಣಿವೆಗೆ ಹೋಯಿತು. ಕೆಳಗಿನಿಂದ ಅದರ ಸದ್ದು ಬರಲು ತುಂಬ ಹೊತ್ತು ಬೇಕಾಯಿತು.

ಸಡಿಲ ಮಣ್ಣನ್ನು ದಾಟಿ ಗಟ್ಟಿ ನೆಲದಲ್ಲಿ ಜೀಪು ನಿಂತಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಅತ್ತಿಗೆ ಇಳಿದು ಬಾನೆಟ್ ಎತ್ತಿದಳು. ರೇಡಿಯೇಟರ್ ಉಳಿದದ್ದು ದೇವರ ದಯೆ. ಬ್ಯಾಟರಿ ಉಳಿದಿತ್ತು, ಅದನ್ನು ಹಿಡಿದಿದ್ದ ಪಟ್ಟಿ ಮುರಿದಿತ್ತು. ಇಂಜಿನ್ನಿನ ಪಕ್ಕ ತಿರುಗುತ್ತ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಮಾತ್ರ ತೆಂಗಿನಕಾಯಿಯಂತೆ ಎರಡು ಹೋಳಾಗಿತ್ತು.

ಅವಳು ಮೀಟರ್ ಹಿಡಿದು ನೋಡಿದಳು. ಹನ್ನೆರಡೂವರೆ ವೋಲ್ಟು. ಇನ್ನು ಇಳಿಯುವುದೇ ಹೊರತು ಏರುವುದಿಲ್ಲ.

"ಇಂಜಿನ್ ನಿಲ್ಲಿಸೋಕೆ ಹೇಳಿ ಕಾಂಪೌಂಡರ್ರೇ. ಇರೋ ಕರೆಂಟು ಯಂತ್ರಕ್ಕೆ ಬೇಕು."

ಹಣೆಯ ರಕ್ತ ಒರೆಸಿಕೊಳ್ಳುತ್ತ ಕಾಂಪೌಂಡರ್ ಕೇಳಿದರು, "ಬ್ಯಾಟರಿ ಒಂದರಲ್ಲೇ ಊರಿಗೆ ಹೋಗೋಕಾಗಲ್ವಾ?"

"ಇಂಜಿನ್ನಿಗೂ ಅದೇ ಬೇಕು, ಯಂತ್ರಕ್ಕೂ ಅದೇ ಬೇಕು. ಅರ್ಧ ದಾರೀಲಿ ಎರಡೂ ನಿಲ್ತವೆ."

"ನಿಂತ್ರೆ ನನ್ನ ಹತ್ರ ಕೈಯಲ್ಲಿ ಒತ್ತಿ ಗಾಳಿ ಕೊಡೋ ಚೀಲ ಇದೆ. ಆದ್ರೆ ಹರಿದ ಶ್ವಾಸಕೋಶ ಅಮ್ಮಾ, ಜಾಸ್ತಿ ಒತ್ತಿದ್ರೂ ಅಪಾಯ. ನನ್ನ ಕೈ ಎಷ್ಟು ಹೊತ್ತು ತಡೀತದೋ."

ಮೈದುನ ಆಗಲೇ ಕಣಿವೆಯ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದ. ಬಿಳಿಯ ವ್ಯಾನು ಅಲ್ಲೇ ಕೆಳಗಿತ್ತು. ಅವನು ಹಗ್ಗವನ್ನು ಜೀಪಿನ ಕೊಂಡಿಗೆ ಕಟ್ಟಿ ಎಳೆದು ನೋಡಿದ. ಅತ್ತಿಗೆ ಚಕ್ರದ ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದೂ ಮಾತಿಲ್ಲದೆ ಇಬ್ಬರೂ ಇಳಿದರು.

ಕಣಿವೆಯ ಗೋಡೆ ಪಾಚಿಯಿಂದ ಜಾರುತ್ತಿತ್ತು. ಹಗ್ಗ ಅಂಗೈಯ ಚರ್ಮ ಸುಲಿಯಿತು. ತಳಕ್ಕೆ ತಲುಪಿದಾಗ ಹೊಳೆಯ ಅಬ್ಬರದ ನಡುವೆ ಇನ್ನೊಂದು ಸದ್ದು ಕೇಳಿತು, ಲೋಹಕ್ಕೆ ಲೋಹ ಬಡಿಯುವ ಸದ್ದು. ವ್ಯಾನಿನ ಮುಂದೆ ಒಬ್ಬ ಆಳು ನಿಂತಿದ್ದ, ಬಾಗಿಲಿನಷ್ಟು ಅಗಲ, ಕೈಯಲ್ಲಿ ಕೊಡಲಿ. ಪಕ್ಕದಲ್ಲಿ ಕರಿಯ ನಾಯಿ. ಗುಜರಿಯವನು. ಇಂಜಿನ್ನಿನ ಭಾಗಗಳನ್ನು ಕಿತ್ತು ಸಾಲಾಗಿ ಹರವಿಕೊಂಡಿದ್ದ. ತಾಮ್ರ ತೆಗೆಯಲೆಂದು ಆಲ್ಟರ್ನೇಟರಿನ ಬೆನ್ನಿಗೆ ಒಂದೇಟು ಹಾಕಿಯೂ ಆಗಿತ್ತು.

"ಅಣ್ಣಾ, ಅದನ್ನ ಒಡೀಬೇಡ," ಎಂದಳು ಅತ್ತಿಗೆ. "ಮೇಲೆ ನನ್ನ ಗಂಡ ಉಸಿರು ಹಿಡ್ಕೊಂಡು ಮಲಗಿದಾನೆ. ಅದೊಂದು ಕೊಡು, ಮಿಕ್ಕಿದ್ದೆಲ್ಲ ನಿಂದೇ."

ಗುಜರಿಯವನು ಅವಳನ್ನು ಅಳೆದು ನೋಡಿದ. "ಸಾಯೋರು ದಿನಾ ಸಾಯ್ತಾರೆ. ವ್ಯಾನು ದಿನಾ ಬೀಳಲ್ಲ. ಮೇಲಕ್ಕೆ ಹತ್ತಿ ಹೋಗು."

ಮೈದುನನಿಗೆ ಅಷ್ಟೇ ಸಾಕಾಯಿತು. ನುಗ್ಗಿದ.

ನಾಯಿ ಅವನಿಗಿಂತ ಮೊದಲು ನುಗ್ಗಿತು. ಅವನ ಮುಂಗೈಯನ್ನು ಕಚ್ಚಿ ಜೋತುಬಿತ್ತು. ಅವನು ಅದನ್ನು ಬಂಡೆಗೆ ಬಡಿದ, ಮತ್ತೆ ಬಡಿದ. ಹಲ್ಲು ಬಿಡಲಿಲ್ಲ. ಕೊಡಲಿ ಮೇಲೆದ್ದಿತು. ಮೈದುನ ಪಕ್ಕಕ್ಕೆ ಉರುಳಿದ; ಅಲಗು ಬಂಡೆಗೆ ತಾಗಿ ಕಿಡಿ ಹಾರಿತು. ಗುಜರಿಯವನ ಬೂಟು ಅವನ ಹೊಟ್ಟೆಗೆ ಬಿತ್ತು, ಮತ್ತೆ ಬಿತ್ತು. ಕೊಡಲಿ ಎರಡನೆಯ ಸಲ ಎದ್ದಿತು.

ಈ ಸಲ ಉರುಳಲು ಜಾಗವಿರಲಿಲ್ಲ.

ಅತ್ತಿಗೆ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಮಣಿಕಟ್ಟಿಗೆ ಬಿತ್ತು. ಒಣ ಕಡ್ಡಿ ಮುರಿದಂಥ ಸದ್ದಾಯಿತು. ಕೊಡಲಿ ಜಾರಿ ಬಿತ್ತು, ಅವನು ತಿರುಗಿ ಉಳಿದ ಕೈಯಿಂದ ಅವಳ ಕುತ್ತಿಗೆ ಹಿಡಿದು ವ್ಯಾನಿನ ತಗಡಿಗೆ ಒತ್ತಿದ. ಅವಳ ಕಣ್ಣಿಗೆ ಕತ್ತಲೆ ಬರತೊಡಗಿತು. ಗಂಡನಿಗೂ ಹೀಗೇ ಆಗುತ್ತಿರಬೇಕು ಎಂದುಕೊಂಡಳು. ಆ ಯೋಚನೆಯೇ ಮೊಣಕಾಲಿಗೆ ಬಲ ಕೊಟ್ಟಿತು. ಗುದ್ದಿದಳು. ಅವನು ಬಾಗಿದಾಗ ಸ್ಪ್ಯಾನರ್ ಅವನ ಕಿವಿಯ ಹಿಂದೆ ಬಿತ್ತು. ಅತ್ತ ಮೈದುನ ನಾಯಿಯನ್ನು ತೋಳಿನ ಸಮೇತ ಹೊಳೆಯ ನೀರಿಗೆ ಅದುಮಿದ. ಉಸಿರು ಕಟ್ಟಿದ ನಾಯಿ ಹಲ್ಲು ಸಡಿಲಿಸಿ, ಕುಂಟುತ್ತ ಪೊದೆ ಸೇರಿತು.

ಗುಜರಿಯವನು ಮುರಿದ ಕೈ ಹಿಡಿದು ಕೂತಿದ್ದ. ಮೈದುನ ಕೊಡಲಿ ಎತ್ತಿಕೊಂಡು ಅವನ ತಲೆಯ ಮೇಲೆ ನಿಂತ. ಅವನ ಮುಖದಲ್ಲಿ ಮನುಷ್ಯತನ ಉಳಿದಿರಲಿಲ್ಲ. ಅತ್ತಿಗೆ ಇಬ್ಬರ ನಡುವೆ ಹೋಗಿ ಮಂಡಿಯೂರಿದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಒಂದು ತಗಡಿನ ಚೂರು ಆನಿಸಿ, ಗುಜರಿಯವನ ಮಣಿಕಟ್ಟನ್ನು ಬಿಗಿದಳು.

"ನೀನೇ ಹೊಡೆದು ನೀನೇ ಕಟ್ತೀಯಾ," ಎಂದ ಅವನು, ಹಲ್ಲು ಕಚ್ಚಿ.

"ಹೊಡೆದದ್ದು ಗಂಡನಿಗಾಗಿ. ಕಟ್ಟೋದು ದೇವರಿಗಾಗಿ."

ಮೈದುನ ಕೊಡಲಿ ಇಳಿಸಿದ. ಹತ್ತುವ ಮುನ್ನ ಅದನ್ನು ಸೊಂಟಕ್ಕೆ ಸಿಕ್ಕಿಸಿ, ಆಲ್ಟರ್ನೇಟರನ್ನು ತನ್ನ ಬೆನ್ನಿಗೆ ಕೂಸಿನಂತೆ ಕಟ್ಟಿಕೊಂಡ.

ಮೇಲೆ ಬಂದಾಗ ಯಂತ್ರ ಕೀರಲು ದನಿಯಲ್ಲಿ ಅಳುತ್ತಿತ್ತು. ಮೀಟರ್ ಹನ್ನೆರಡಕ್ಕೆ ಬಂದಿತ್ತು.

"ಇನ್ನೇನು ಮಲಗುತ್ತೆ," ಎಂದು ಕಾಂಪೌಂಡರ್ ಅಷ್ಟರಲ್ಲೇ ಗಾಳಿಚೀಲ ತೆಗೆದು ಒತ್ತಲು ಶುರು ಮಾಡಿದರು. "ಬೇಗ ಮಾಡಿ. ಏನು ಮಾಡ್ತೀರೋ ಗೊತ್ತಿಲ್ಲ, ಬೇಗ ಮಾಡಿ."

ಆಲ್ಟರ್ನೇಟರ್ ತಿರುಗಿದಷ್ಟೂ ಕರೆಂಟು ಕೊಡುತ್ತದೆ. ಇಷ್ಟೇ ಸಾಕು ಎಂದು ಅದಕ್ಕೆ ಲಗಾಮು ಹಾಕುವುದು ರೆಗ್ಯುಲೇಟರ್. ಹೊಸ ಗಾಡಿಗಳಲ್ಲಿ ಆ ಲಗಾಮು ಆಲ್ಟರ್ನೇಟರಿನ ಬೆನ್ನೊಳಗೇ ಇರುತ್ತದೆ; ಗುಜರಿಯವನ ಕೊಡಲಿ ಬಿದ್ದದ್ದು ಅದರ ಮೇಲೆಯೇ, ಅದು ನುಚ್ಚಾಗಿತ್ತು. ಅಜ್ಜಿಯಂಥ ಹಳೆಯ ಗಾಡಿಗಳಲ್ಲಿ ಲಗಾಮು ಬೇರೆ, ಇಂಜಿನ್ನಿನ ಹಿಂದಿನ ಗೋಡೆಗೆ ಬಿಗಿದ ಕರಿಯ ಡಬ್ಬಿ. ಹೊಸ ಕುದುರೆಗೆ ಹಳೆಯ ಲಗಾಮು ತೊಡಿಸಬೇಕು. ಅತ್ತಿಗೆ ಒಡೆದ ಚೂರುಗಳನ್ನು ಇಕ್ಕಳದಿಂದ ಕಿತ್ತೆಸೆದಳು. ಒಳಗೆ, ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಎರಡು ಕಾರ್ಬನ್ ಬ್ರಷ್ಷು ನೆಟ್ಟಗಿದ್ದವು. ಒಂದರ ಬಾಲಕ್ಕೆ ತಂತಿ ಹೆಣೆದು ಗಾಡಿಯ ಲೋಹದ ಮೈಗೆ ಕಟ್ಟಿದಳು. ಇನ್ನೊಂದರಿಂದ ತಂತಿ ಎಳೆದು ಕರಿಯ ಡಬ್ಬಿಗೆ ಸೇರಿಸಿದಳು. ದಪ್ಪ ತಂತಿ ಬ್ಯಾಟರಿಗೆ.

ಕೂರಿಸುವುದು ಇನ್ನೊಂದು ಯುದ್ಧ. ಬೋಲ್ಟಿನ ತೂತು ಕೂಡಲಿಲ್ಲ. ಮೈದುನ ಕೊಡಲಿಯ ಹಿಡಿ ಮುರಿದು ಬೆಣೆ ಮಾಡಿದ, ಕೊಡಲಿಯ ಬೆನ್ನಿನಿಂದ ಬಡಿದು ಸಿಕ್ಕಿಸಿದ, ಹಗ್ಗ ಸುತ್ತಿದ. ನಾಯಿ ಕಚ್ಚಿದ ಕೈಯಿಂದ ರಕ್ತ ಇಂಜಿನ್ನಿನ ಮೇಲೆ ತೊಟ್ಟಿಕ್ಕುತ್ತಿತ್ತು. ಬೆಲ್ಟು ಎಳೆದು ಹಾಕಿದರು.

ಸೆಲ್ಫ್ ಹೊಡೆಯಲು ಬ್ಯಾಟರಿಗೆ ತ್ರಾಣವಿರಲಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಬಿಟ್ಟರು. ಅಜ್ಜಿ ಉರುಳಿದಳು, ಮೈದುನ ಗೇರು ಹಾಕಿ ಕ್ಲಚ್ ಬಿಟ್ಟ. ಕೆಮ್ಮಿ, ಉಗುಳಿ, ಇಂಜಿನ್ ಹತ್ತಿಕೊಂಡಿತು. ಗಾಡಿ ನಿಲ್ಲಿಸಿ, ಇಂಜಿನ್ ತಗ್ಗದಂತೆ ಆಕ್ಸಿಲರೇಟರ್ ಪೆಡಲಿನ ಮೇಲೆ ಒಂದು ಕಲ್ಲು ಇಟ್ಟು, ಬಿಡಿಯಾಗಿ ಅಲುಗುತ್ತಿದ್ದ ಬ್ಯಾಟರಿಯನ್ನು ಹಿಡಿಯಲು ಅವನು ಬಾನೆಟ್ಟಿನೊಳಗೆ ಬಾಗಿದ.

ಮೀಟರಿನ ಮುಳ್ಳು ಎದ್ದಿತು. ಹದಿಮೂರು. ಹದಿನಾಲ್ಕು. ಕಾಂಪೌಂಡರ್ ಗಾಳಿಚೀಲ ಬಿಟ್ಟು ನಕ್ಕರು. ಯಂತ್ರ ಮತ್ತೆ ಗುಂಯ್‌ಗುಟ್ಟಿತು.

ಹದಿನೈದು.

ಅತ್ತಿಗೆ ಹಾರಿ ಯಂತ್ರದ ಪ್ಲಗ್ ಕಿತ್ತಳು.

ಹದಿನಾರು, ಹದಿನೇಳು. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಬ್ಯಾಟರಿ ಅನ್ನದ ಗಂಜಿಯಂತೆ ಕುದಿಯುತ್ತಿತ್ತು. "ಬಿಡು," ಎಂದು ಅವಳು ಕೂಗುವಷ್ಟರಲ್ಲಿ ಮುಚ್ಚಳಗಳು ಗುಂಡು ಹಾರಿದಂತೆ ಹಾರಿದವು. ಆಸಿಡ್ ಮೈದುನನ ಮುಖಕ್ಕೆ ಚಿಮ್ಮಿತು.

ಅವನು ಕೂಗಲಿಲ್ಲ. ನೆಲಕ್ಕೆ ಬಿದ್ದು, ಎರಡೂ ಅಂಗೈಯನ್ನು ಕಣ್ಣಿಗೆ ಒತ್ತಿಕೊಂಡು, ಮಣ್ಣನ್ನು ಒದ್ದ. ಅತ್ತಿಗೆ ಪೆಡಲಿನ ಕಲ್ಲು ಎಳೆದೆಸೆದು, ಕ್ಯಾನಿನ ನೀರು ತಂದು, ಅವನ ಎದೆಯ ಮೇಲೆ ಕೂತು, ಬಲವಂತವಾಗಿ ಕೈ ಕಿತ್ತು ಕಣ್ಣಿಗೆ ಸುರಿದಳು. ಅವನು ಅವಳನ್ನು ಗುದ್ದಿದ. ಅವಳು ಕೆನ್ನೆಗೆ ಬಾರಿಸಿ ಮತ್ತೆ ಸುರಿದಳು. ತಳದ ಒಂದು ಲೋಟ ಮಾತ್ರ ಉಳಿಸಿ ಬ್ಯಾಟರಿಗೆ ಹಾಕಿದಳು.

"ಅಮ್ಮಾ," ಎಂದರು ಕಾಂಪೌಂಡರ್, ಮತ್ತೆ ಗಾಳಿಚೀಲ ಒತ್ತುತ್ತ. "ನನ್ನ ಬೆರಳು ಮರಗಟ್ಟಿದೆ."

ಅತ್ತಿಗೆಗೆ ಕಾರಣ ಹೊಳೆದಿತ್ತು. ಡಬ್ಬಿಯೊಳಗೆ ತಗಡಿನ ಪುಟ್ಟ ನಾಲಿಗೆ, ಅದನ್ನು ಎಳೆದು ಹಿಡಿಯುವ ಕೂದಲಿನಂಥ ಸ್ಪ್ರಿಂಗು. ಸ್ಪ್ರಿಂಗ್ ಬಿಗಿಯಾದಷ್ಟೂ ವೋಲ್ಟ್ ಏರುತ್ತದೆ. ಅಜ್ಜಿಯ ಹಳೆ ಆಲ್ಟರ್ನೇಟರ್ ಸೋತು ಹೋಗಿತ್ತು. ಬೆಳಗಿನ ಚಳಿಯಲ್ಲಿ ಗಾಡಿ ಏಳುತ್ತಿರಲಿಲ್ಲ. ಹಾಗಾಗಿ ಹಿಂದಿನ ಚಳಿಗಾಲದಲ್ಲೇ ಅವಳು, ಮೈದುನನಿಗೆ ಹೇಳದೆ, ಸ್ಪ್ರಿಂಗಿನ ಮೇಲಿನ ಕೊಕ್ಕೆಯನ್ನು ಒಂದಿಷ್ಟು ಬಗ್ಗಿಸಿದ್ದಳು. ಸೋತ ಮುದಿ ಎತ್ತಿಗೆ ಚಾಟಿ ಹೊಡೆದ ಹಾಗೆ. ಈಗ ಅದೇ ಚಾಟಿ ಕಾಡುಕುದುರೆಗೆ ಬಿದ್ದಿತ್ತು.

ಮುಚ್ಚಳ ತೆಗೆದು ಕೊಕ್ಕೆಯನ್ನು ಮೊದಲಿದ್ದಲ್ಲಿಗೆ ತಂದಳು. ಅಜ್ಜಿ ಇನ್ನೂ ಗುಡುಗುಡು ಎನ್ನುತ್ತಲೇ ಇದ್ದಳು. ವೋಲ್ಟ್ ನೋಡಬೇಕಾದರೆ ಯಾರಾದರೂ ಆಕ್ಸಿಲರೇಟರ್ ಒತ್ತಬೇಕು. ಮೈದುನನ ತೋಳು ಹಿಡಿದು ಎಬ್ಬಿಸಿ, ಚಾಲಕನ ಸೀಟಿನಲ್ಲಿ ಕೂರಿಸಿದಳು. ಅವನ ಕಣ್ಣು ಊದಿ ಮುಚ್ಚಿದ್ದವು.

"ಒತ್ತು," ಎಂದಳು. "ಮೆಲ್ಲಗೆ."

ಮುಳ್ಳು ಎದ್ದಿತು. ಹದಿನಾಲ್ಕು ದಾಟಿತು. ಹದಿನೈದು ದಾಟಿತು. ಹದಿನಾರರ ಹತ್ತಿರ ಹೋಗಿ ನಿಂತಿತು.

"ಸಾಕು, ಬಿಡು," ಎಂದಳು. ತಾನು ಬಗ್ಗಿಸಿದ್ದನ್ನು ತಾನೇ ಸರಿ ಮಾಡಿದ್ದಳು, ಅವಳಿಗೆ ತನ್ನ ಕೈಯ ಅಳತೆ ಗೊತ್ತಿತ್ತು. ಇನ್ನೂ ಯಾಕೆ ಏರುತ್ತಿದೆ? ಹಿಂದಿನ ಸೀಟಿನಿಂದ ಗಂಡನ ಉಸಿರು ಹರಿದ ಬಟ್ಟೆಯಂತೆ ಕೇಳುತ್ತಿತ್ತು. ಸುಮ್ಮನೆ ಊಹೆಯಿಂದ ಬಗ್ಗಿಸಿದರೆ ಕೂದಲಿನಂಥ ಸ್ಪ್ರಿಂಗು ಮುರಿಯುತ್ತದೆ. ಮುರಿದರೆ ಎಲ್ಲ ಮುಗಿಯಿತು. "ದೇವರೇ," ಎಂದಳು, "ಇನ್ನೇನು ಬಾಕಿ ಇದೆ ಇದರಲ್ಲಿ?"

ದೇವರು ಸುಮ್ಮನಿದ್ದ. ಮೈದುನ ಬಾಯಿ ಬಿಟ್ಟ.

"ಅತ್ತಿಗೆ."

ಒಂದು ಮಳೆಗಾಲದ ನಂತರ ಕೇಳಿದ ಕರೆ. ಅವಳು ತಿರುಗಲಿಲ್ಲ.

"ಕೆಳಗಿನ ಕಾಲು ನೋಡಿ. ಸ್ಪ್ರಿಂಗಿನ ಕೆಳಗಿನ ಕಾಲು. ಹೆಡ್‌ಲೈಟು ಮಂಕಾಗ್ತಿತ್ತು. ನಾನೂ ಬಗ್ಗಿಸಿದೀನಿ."

"ಯಾವಾಗ?"

"ನೀವು ಮಲಗಿದ್ದಾಗ."

"ಎಷ್ಟು?"

"ಉಗುರಿನ ದಪ್ಪ. ಎಡಕ್ಕೆ."

"ಹೇಳೋಕೇನಾಗಿತ್ತು ನಿಂಗೆ?"

"ಯಾರಿಗೆ ಹೇಳಲಿ? ಬೆಕ್ಕಿಗಾ?"

ಕಾಂಪೌಂಡರ್ ಹಿಂದಿನಿಂದ ಕೂಗಿದರು, "ಸಂಸಾರದ ಮಾತು ಊರಲ್ಲಿ ಆಡ್ಕೊಳ್ಳಿ. ಇಲ್ಲಿ ಮನುಷ್ಯ ಹೋಗ್ತಿದಾನೆ."

ಅವಳು ಬಾಗಿ ನೋಡಿದಳು. ಸುರುಳಿಯ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಆ ಪುಟ್ಟ ಕಾಲು ಒಂದಿಷ್ಟು ಓರೆಯಾಗಿತ್ತು. ಎಷ್ಟು ನಾಜೂಕಾಗಿ ಬಗ್ಗಿಸಿದ್ದನೆಂದರೆ ಗೀರೂ ಬಿದ್ದಿರಲಿಲ್ಲ. ಇಕ್ಕಳದ ತುದಿಗೆ ರಬ್ಬರು ಸುತ್ತಿ, ಹಿಡಿದು, ಬಲಕ್ಕೆ ಒತ್ತಿದಳು.

"ಈಗ ಪೆಡಲು ಒತ್ತು. ಇನ್ನೂ. ಇನ್ನೂ ಸ್ವಲ್ಪ."

ಹದಿನೈದು. ಕೂದಲೆಳೆಯಷ್ಟು ಒತ್ತಿದಳು. ಹದಿನಾಲ್ಕೂವರೆ. ಮತ್ತೆ ಕೂದಲೆಳೆ.

ಹದಿನಾಲ್ಕರ ತುಸು ಮೇಲೆ ಮುಳ್ಳು ನಿಂತಿತು. ಇಂಜಿನ್ ಎಷ್ಟು ಕೂಗಿದರೂ ಅಲ್ಲಿಂದ ಕದಲಲಿಲ್ಲ.

ಪ್ಲಗ್ ಚುಚ್ಚಿದರು. ಯಂತ್ರ ಉಸಿರಾಡಿತು. ಕಾಂಪೌಂಡರ್ ಮರಗಟ್ಟಿದ ಬೆರಳುಗಳನ್ನು ಕಂಕುಳಲ್ಲಿಟ್ಟುಕೊಂಡು ಅತ್ತರು.

ಆ ದಾರಿಯಲ್ಲಿ ಅತ್ತಿಗೆ ಎಂದೂ ಗಾಡಿ ಓಡಿಸಿದವಳಲ್ಲ. ಈಗ ಸ್ಟಿಯರಿಂಗ್ ಅವಳ ಕೈಯಲ್ಲಿತ್ತು. ಪಕ್ಕದಲ್ಲಿ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡ ಮೈದುನ, ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, ಟೈರಿನ ಸದ್ದಿನಿಂದಲೇ ದಾರಿ ಓದುತ್ತಿದ್ದ.

"ಎರಡನೇ ಗೇರು. ಮುಂದೆ ಬೇರು ಬರುತ್ತೆ, ಎಡಕ್ಕೆ ಹಿಡೀರಿ. ಬ್ರೇಕ್ ತುಳೀಬೇಡಿ, ಜಾರುತ್ತೆ. ತುಳೀಬೇಡಿ ಅಂದ್ನಲ್ಲ."

"ಕಿವಿ ಕೇಳುತ್ತೆ ನಂಗೆ."

"ಕಾಲಿಗೆ ಕೇಳಲ್ಲವಲ್ಲ."

ಕೊನೆಯ ತಿರುವಿನಲ್ಲಿ ಹೊಳೆ ದಾರಿಯನ್ನು ನುಂಗಿತ್ತು. ಬರುವಾಗ ಪಾದ ಮುಳುಗುವಷ್ಟಿದ್ದ ನೀರು ಈಗ ಕಂದು ಬಣ್ಣದ ಗೋಡೆಯಾಗಿ, ಮರದ ದಿಮ್ಮಿಗಳನ್ನು ಹೊತ್ತು ಧುಮ್ಮಿಕ್ಕುತ್ತಿತ್ತು. ಅತ್ತಿಗೆ ನಿಲ್ಲಿಸಿದಳು.

"ಸದ್ದು ಕೇಳ್ತಿದೆ," ಎಂದ ಮೈದುನ. "ದೊಡ್ಡ ಬಂಡೆ ಕಾಣುತ್ತಾ, ಆ ಕಡೆ?"

"ತಲೆ ಮಾತ್ರ ಕಾಣುತ್ತೆ."

"ತಲೆ ಕಂಡ್ರೆ ಸಾಕು. ಅದರ ಮೇಲ್ಗಡೆ, ನೀರು ಬರೋ ಕಡೆಯಿಂದ ಹಾಕಿ. ಒಂದನೇ ಗೇರು. ನಡುವೆ ಏನೇ ಬಡಿದ್ರೂ ಕಾಲು ಎತ್ತಬೇಡಿ."

ಅವಳು ಹಾಕಿದಳು. ನೀರು ಬಾಗಿಲಿಗೆ ಗುದ್ದಿತು. ಜೀಪು ಪಕ್ಕಕ್ಕೆ ಜರುಗಿತು. ದಿಮ್ಮಿಯೊಂದು ಬಂದು ಹಿಂಬದಿಗೆ ಅಪ್ಪಳಿಸಿತು. ಕಾಂಪೌಂಡರ್ ಯಂತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದರು. ಕಾಲು ಎತ್ತು ಎಂದು ಮೈಯ ಒಂದೊಂದು ನರವೂ ಹೇಳಿತು. ಎತ್ತಲಿಲ್ಲ. ಮುಂದಿನ ಚಕ್ರ ಕಲ್ಲು ಕಚ್ಚಿತು. ಮೈಯಿಂದ ನೀರು ಸುರಿಸುತ್ತ ಅಜ್ಜಿ ದಡ ಹತ್ತಿದಳು. ಮುಳ್ಳು ಹದಿನಾಲ್ಕರಲ್ಲೇ ಇತ್ತು.

ಸಂಜೆಯ ಬೆಳಕು ಇನ್ನೂ ಇರುವಾಗಲೇ ಆಸ್ಪತ್ರೆಯ ಅಂಗಳ ಸೇರಿದರು. ಒಳಗಿನಿಂದ ಮಂಚ ಬರುವ ತನಕ ಯಂತ್ರ ಓಡಬೇಕು, ಅದಕ್ಕೆ ಇಂಜಿನ್ ಜೋರಾಗಿರಬೇಕು. ಅತ್ತಿಗೆ ಇಳಿದು ಮೈದುನನನ್ನು ಸ್ಟಿಯರಿಂಗಿನ ಹಿಂದೆ ಎಳೆದು ಕೂರಿಸಿ, "ಪೆಡಲು ಒತ್ತಿ ಹಿಡಿದಿರು," ಎಂದು ಹೇಳಿ ಗಂಡನ ಕಡೆ ಓಡಿದಳು. ಡಾಕ್ಟರು ಬಂದರು, ಮಂಚ ಬಂತು. ನಳಿಕೆ, ಸೀಸೆ, ಮುಸುಕು ಎಲ್ಲವನ್ನೂ ಹೊತ್ತುಕೊಂಡು ಉದ್ದದ ಕಾರಿಡಾರಿನಲ್ಲಿ ಎಲ್ಲರೂ ಓಡಿದರು. ಬಾಗಿಲು ಮುಚ್ಚಿತು.

ಅತ್ತಿಗೆ ಬಾಗಿಲಿನ ಹೊರಗೆ ನೆಲದ ಮೇಲೆ ಕೂತಳು. ಕುತ್ತಿಗೆಯಲ್ಲಿ ಗುಜರಿಯವನ ಐದು ಬೆರಳು ನೀಲಿಗಟ್ಟಿದ್ದವು. ಪ್ರಾರ್ಥಿಸಲು ಕೈ ಜೋಡಿಸಿದಳು. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಬಂದು ಅವಳ ಮುಂದೆ ಬಗ್ಗಿ ಕೂತರು.

"ಶ್ವಾಸಕೋಶ ಅರಳಿದೆ. ತಾನಾಗೇ ಉಸಿರಾಡ್ತಿದಾರೆ. ಬದುಕ್ತಾರಮ್ಮ." ಆಮೇಲೆ ಅವಳ ಹಿಂದೆ ಮುಂದೆ ನೋಡಿ ಕೇಳಿದರು, "ಕಣ್ಣಿಗೆ ಆಸಿಡ್ ಬಿದ್ದೋರು ಅಂದ್ರಲ್ಲ ಕಾಂಪೌಂಡರು, ಅವರೆಲ್ಲಿ? ಅವರನ್ನೂ ನೋಡಬೇಕು."

ಆಗ ಅವಳಿಗೆ ಹೊರಗಿನ ಸದ್ದು ಕೇಳಿಸಿತು. ಅಷ್ಟು ಹೊತ್ತೂ ಅದು ಕೇಳುತ್ತಲೇ ಇತ್ತು, ಮಳೆಯಂತೆ, ಗಮನಕ್ಕೆ ಬಾರದೆ.

ಅಂಗಳದಲ್ಲಿ ಅಜ್ಜಿ ಒಂದೇ ಸಮ ಕೂಗುತ್ತಿದ್ದಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮೈದುನ ಸೀಟಿನಲ್ಲಿ ನೆಟ್ಟಗೆ ಕೂತಿದ್ದ. ಹಿಂದಿನ ಸೀಟು ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು. ಅವನಿಗೆ ಯಾರೂ ಹೇಳಿರಲಿಲ್ಲ. ನಾಯಿ ಕಚ್ಚಿದ ಕೈ ತೊಡೆಯ ಮೇಲೆ ಊದಿ ಬಿದ್ದಿತ್ತು. ಬಲಗಾಲು ನಡುಗುತ್ತಿತ್ತು, ಆದರೆ ಪೆಡಲಿನ ಮೇಲಿನಿಂದ ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ.

ಅತ್ತಿಗೆ ಹತ್ತಿರ ಹೋಗಿ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಸಾಕು ಕಣೋ," ಎಂದಳು. "ಕಾಲು ತೆಗಿ. ಅಣ್ಣ ಉಸಿರಾಡ್ತಿದಾನೆ."